ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಮಗುವಿನ ಸೀಟು: ಬೋಲ್ಟಿನಿಂದ ಬಕಲ್‌ವರೆಗೆ

ಮಗುವಿನ ಸೀಟು ಕೊಳ್ಳಲು ಹೊರಡುವ ಮೊದಲು ಕಾರಿನ ಕಾರ್ಪೆಟ್ ಎತ್ತಿ ನೋಡಿ. ಪ್ಲಾಸ್ಟಿಕ್ ಚಿಪ್ಪನ್ನು ಹಿಡಿದಿಡುವುದು ಬೆಲ್ಟು, ಬೆಲ್ಟನ್ನು ಹಿಡಿದಿಡುವುದು ಬೋಲ್ಟು, ಬೋಲ್ಟನ್ನು ಹಿಡಿದಿಡುವುದು ಐವತ್ತು ವರ್ಷ ಹಳೆಯ ತಗಡು. ಈ ಸರಪಳಿಯಲ್ಲಿ ಕೊನೆಯ ಕೊಂಡಿ ತುಕ್ಕು ಹಿಡಿದಿದ್ದರೆ ಎಷ್ಟೇ ದುಬಾರಿ ಚೈಲ್ಡ್ ಸೀಟು ತಂದರೂ ಅದು ಚೆಂದದ ಕುರ್ಚಿ, ಅಷ್ಟೇ. ಹಾಗಾಗಿ ಈ ಮಾರ್ಗದರ್ಶಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ: ಮೊದಲು ಕಾರು, ಆಮೇಲೆ ಸೀಟು, ಕೊನೆಗೆ ಮಗು. ನಡುವೆ ಎಲ್ಲಾದರೂ ಉತ್ತರ "ಆಗುವುದಿಲ್ಲ" ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ.

ಮೊದಲು ಸ್ವಲ್ಪ ಲೆಕ್ಕ

ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿನಿಂದ ಡಿಕ್ಕಿಯಾದಾಗ ಕಾರಿನ ಮೂತಿ 60 ಸೆಂಟಿಮೀಟರ್ ನಜ್ಜುಗುಜ್ಜಾಗಿ ಕಾರು ನಿಂತಿತು ಎಂದುಕೊಳ್ಳಿ; ಒಳಗಿರುವವರ ಮೇಲೆ ಸರಾಸರಿ 16 ಜಿ, ಅಂದರೆ ಮೈತೂಕದ 16 ಪಟ್ಟು ಬಲ, ಬೀಳುತ್ತದೆ. ಮೂತಿ ಗಡುಸಾಗಿದ್ದು 40 ಸೆಂಟಿಮೀಟರಿಗೇ ನಿಂತರೆ ಅದು ಸುಮಾರು 25 ಜಿ. 12 ಕಿಲೋ ತೂಕದ ಮಗು ಮೊದಲನೆಯದರಲ್ಲಿ 200 ಕಿಲೋದಷ್ಟು, ಎರಡನೆಯದರಲ್ಲಿ 300 ಕಿಲೋದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. ಹೊಸ ಕಾರುಗಳ ಮೂತಿಯನ್ನು ಹದವಾಗಿ ಮುದುಡುವಂತೆಯೇ ವಿನ್ಯಾಸ ಮಾಡಿರುತ್ತಾರೆ. ಪ್ರತ್ಯೇಕ ಚಾಸಿ ಇರುವ 1960ರ ದಶಕದ ರೋಡ್‌ಸ್ಟರಿನಲ್ಲಿ (ಎರಡು ಸೀಟಿನ ತೆರೆದ ಕಾರಿನಲ್ಲಿ) ಆ ಯೋಚನೆಯೇ ಇರಲಿಲ್ಲ. ಚೈಲ್ಡ್ ಸೀಟುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಗಂಟೆಗೆ 50 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ, ಗಟ್ಟಿ ಆಂಕರ್ (ಬೆಲ್ಟನ್ನು ಬೋಲ್ಟು ಹಾಕಿ ಬಿಗಿಯುವ ಜಾಗ) ಇರುವ, ಅಳತೆ ಗೊತ್ತಿರುವ ಬೆಂಚಿನ ಮೇಲೆ. ನಿಮ್ಮ ಕಾರಿನ ನೆಲ ಆ ಬೆಂಚಲ್ಲ ಎನ್ನುವುದು ನೆನಪಿರಲಿ.

ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ ಎನ್ನುವವರಿಗೂ ಇದೇ ಲೆಕ್ಕ ಉತ್ತರ. 300 ಕಿಲೋ ಎಳೆತವನ್ನು ತಡೆಯುವ ತೋಳು ಯಾರಿಗೂ ಇಲ್ಲ. ದೊಡ್ಡವರ ಬೆಲ್ಟಿನೊಳಗೆ ಮಗುವನ್ನೂ ಸೇರಿಸಿ ಕಟ್ಟಿದರೆ ಇನ್ನೂ ಕೆಡುಕು: ಹಿಂದಿನಿಂದ ದೊಡ್ಡವರ ಮೈಭಾರವೆಲ್ಲ ಮಗುವಿನ ಹೊಟ್ಟೆಯ ಮೇಲೆ ಬರುತ್ತದೆ.

ಕಾರಿನ ಹುಟ್ಟಿದ ವರ್ಷ ಏನು ಹೇಳುತ್ತದೆ

ವೋಲ್ವೋದ ನಿಲ್ಸ್ ಬೋಲಿನ್ ಮೂರು ಬಿಂದುಗಳ ಬೆಲ್ಟನ್ನು ತಂದದ್ದು 1959ರಲ್ಲಿ. ಅಮೆರಿಕದಲ್ಲಿ ಹೊಸ ಕಾರುಗಳಿಗೆಲ್ಲ ಬೆಲ್ಟು ಕಡ್ಡಾಯವಾದದ್ದು 1968ರಿಂದ. ಮುಂದಿನ ಸೀಟುಗಳಿಗೆ ಹೆಡ್‌ರೆಸ್ಟ್ ಕಡ್ಡಾಯವಾದದ್ದು 1969ರಿಂದ. ಮಗುವಿನ ಸೀಟಿಗೆಂದೇ ಕೆಳಗಿನ ಕೊಂಡಿಗಳು ಅಲ್ಲಿ ಕಡ್ಡಾಯವಾಗುವ ಹೊತ್ತಿಗೆ 2002 ಬಂದಿತ್ತು. ಈ ನಾಲ್ಕು ವರ್ಷಗಳನ್ನು ನಿಮ್ಮ ಕಾರಿನ ವರ್ಷದ ಪಕ್ಕ ಇಟ್ಟು ನೋಡಿದರೆ ಏನಿಲ್ಲ ಎನ್ನುವುದು ಹೊಳೆಯುತ್ತದೆ. 1964ರ ಕಾರಿನಲ್ಲಿ ಬೆಲ್ಟು ಇದ್ದರೆ ಬಹುಪಾಲು ಅದನ್ನು ಯಾರೋ ಆಮೇಲೆ ಹಾಕಿರುತ್ತಾರೆ. ಯಾರು, ಯಾವಾಗ, ಯಾವ ಬೋಲ್ಟಿನಿಂದ ಎಂಬುದು ನೀವು ಪತ್ತೆ ಮಾಡಬೇಕಾದ ಮೊದಲ ವಿಷಯ.

ಬೆಲ್ಟೇ ಇಲ್ಲದ ಕಾರಿನಲ್ಲಿ ಮಗುವನ್ನು ಕರೆದೊಯ್ಯಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ, ಮೂಲದಲ್ಲೇ ಬೆಲ್ಟಿಲ್ಲದೆ ತಯಾರಾದ ಕಾರಿನಲ್ಲಿ 3 ವರ್ಷದೊಳಗಿನ ಮಗುವನ್ನು ಕೂರಿಸುವಂತೆಯೇ ಇಲ್ಲ. 3 ದಾಟಿದವರು ಹಿಂದಿನ ಸೀಟಿನಲ್ಲಿ ಮಾತ್ರ ಕೂರಬಹುದು. ಎರಡೇ ಸೀಟಿನ ಕಾರಿಗೆ ಹಿಂದಿನ ಸೀಟೆಲ್ಲಿ? ಅಲ್ಲಿಗೆ ಆ ದಾರಿ ಮುಚ್ಚಿತು. ಕಾನೂನು ಬಿಟ್ಟರೂ ಭೌತಶಾಸ್ತ್ರ ಬಿಡುವುದಿಲ್ಲವಾದ್ದರಿಂದ, 3 ದಾಟಿದ ಮಗುವಿಗೂ ಮೊದಲು ಬೆಲ್ಟು ಹಾಕಿಸಿ, ಪ್ರಯಾಣದ ಮಾತು ಆಮೇಲೆ.

ಆಂಕರ್: ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ

ಒಂದು ಒಳ್ಳೆಯ ಟಾರ್ಚ್, ತೆಳು ಸ್ಕ್ರೂಡ್ರೈವರ್, ತಂತಿ ಬ್ರಷ್ ಮತ್ತು ಸಾಕೆಟ್ ಸೆಟ್ ತೆಗೆದುಕೊಳ್ಳಿ. ಸೀಟನ್ನು ಪೂರ್ತಿ ಕಳಚಿ ಹೊರಗಿಡಿ. ಸೀಟಿನ ಸಂದಿಯಲ್ಲಿ ಇಣುಕಿ ನೋಡಿದರೆ ಏನೂ ಕಾಣುವುದಿಲ್ಲ.

ಮೂರು ಬಿಂದುಗಳ ಬೆಲ್ಟಿಗೆ ಮೂರು ಆಂಕರ್: ಬಾಗಿಲ ಬದಿಯ ನೆಲ ಅಥವಾ ಸಿಲ್ (ಬಾಗಿಲ ಕೆಳಗಿನ ಹೊಸಿಲು), ಗೇರ್‌ಬಾಕ್ಸ್ ಟನಲ್‌ನ (ಸೀಟುಗಳ ನಡುವೆ ಎದ್ದ ಉಬ್ಬಿನ) ಬದಿ, ಮೇಲ್ಭಾಗದಲ್ಲಿ ಬಾಗಿಲ ಹಿಂದಿನ ಕಂಬ ಅಥವಾ ಚಕ್ರದ ಕಮಾನು. ಇವುಗಳಲ್ಲಿ ಬಾಗಿಲ ಬದಿಯದೇ ಮೊದಲು ಸಾಯುವುದು. ಸೋರುವ ಹುಡ್‌ನಿಂದ (ಮಡಚುವ ಮೇಲ್ಛಾವಣಿಯಿಂದ) ಇಳಿದ ನೀರು ಕಾರ್ಪೆಟ್ಟಿನ ಕೆಳಗೆ ನಿಂತು ಒಳಗಿನಿಂದಲೂ, ಚಕ್ರ ಎರಚುವ ಕೆಸರು ಹೊರಗಿನಿಂದಲೂ ಸಿಲ್ಲನ್ನು ತಿನ್ನುತ್ತವೆ. ಬೋಲ್ಟಿನ ಸುತ್ತ ಒಂದು ಅಂಗೈ ಅಗಲದಷ್ಟು ಜಾಗವನ್ನು ಬಣ್ಣ, ಅಂಟು, ಡಾಂಬರಿನ ಪದರ ಎಲ್ಲ ಕೆರೆದು ಲೋಹ ಕಾಣುವಂತೆ ಮಾಡಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತಗಡು ಟಣ್ ಎನ್ನಬೇಕು. ಚರಚರ ಎಂದರೆ, ತುದಿ ಒಳಗೆ ಇಳಿದರೆ, ಅಥವಾ ದಪ್ಪ ಬಣ್ಣದ ಕೆಳಗೆ ಫೈಬರ್‌ಗ್ಲಾಸ್ ಬಟ್ಟೆಯ ತೇಪೆ ಸಿಕ್ಕರೆ ಕೆಲಸ ಅಲ್ಲಿಗೇ ನಿಂತಿತು. ಹೊಸ ತಗಡು ಕತ್ತರಿಸಿ ಬೆಸುಗೆ ಹಾಕಿಸುವವರೆಗೆ ಆ ಬೋಲ್ಟನ್ನು ನಂಬುವಂತಿಲ್ಲ. ಕಾರಿನ ಕೆಳಗೂ ಮಲಗಿ ಇನ್ನೊಂದು ಬದಿಯಿಂದ ನೋಡಿ.

ಬೋಲ್ಟನ್ನು ಬಿಚ್ಚಿ. ಬಹುಪಾಲು ಹಳೆಯ ಕಾರುಗಳಲ್ಲಿ ಬೆಲ್ಟಿನ ಬೋಲ್ಟು 7/16 ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಎಳೆಯ ಮಾದರಿ), ಇಂಚಿಗೆ 20 ಎಳೆ. ಅಳತೆಯಲ್ಲಿ ಹತ್ತಿರ ಇರುವ ಮೆಟ್ರಿಕ್ ಬೋಲ್ಟನ್ನು ಯಾರಾದರೂ ಬಲವಂತವಾಗಿ ತಿರುಗಿಸಿದ್ದರೆ ಎಳೆಗಳು ಸವೆದಿರುತ್ತವೆ; ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ, ಎಳೆದಾಗ ಕಿತ್ತುಬರುತ್ತದೆ. ಹೊಸ ಬೋಲ್ಟು ಬೆರಳಲ್ಲೇ ಕನಿಷ್ಠ ನಾಲ್ಕೈದು ಸುತ್ತು ಸಲೀಸಾಗಿ ಇಳಿಯಬೇಕು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಬೋಲ್ಟು ಬೇಡ, ಸೀಟ್ ಬೆಲ್ಟಿಗೆಂದೇ ಮಾಡಿದ ಗಟ್ಟಿ ಉಕ್ಕಿನದೇ ಬೇಕು. ಬಿಗಿತದ ಅಳತೆಯನ್ನು ಆ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ. ಬೆಲ್ಟಿನ ತುದಿಯ ಲೋಹದ ಪಟ್ಟಿ ಬೋಲ್ಟಿನ ಮೇಲೆ ಸ್ವಲ್ಪ ತಿರುಗುವಂತಿರಬೇಕು; ಅದಕ್ಕೆಂದೇ ಭುಜವಿರುವ ಬೋಲ್ಟೋ ಸ್ಪೇಸರೋ ಬರುತ್ತದೆ, ಅದನ್ನು ಬಿಟ್ಟು ಜೋಡಿಸಬೇಡಿ.

ನೆಲಕ್ಕೆ ತೂತು ಕೊರೆದು ಕೆಳಗೊಂದು ದೊಡ್ಡ ವಾಷರ್ ಇಟ್ಟು ಬಿಗಿದಿರುವುದನ್ನು ನೀವು ಖಂಡಿತ ನೋಡುತ್ತೀರಿ. ವಾಷರ್ ಬಾಣಲೆಯಂತೆ ಬಾಗಿ ತೆಳು ತಗಡಿನ ಮೂಲಕ ಹೊರಬರುತ್ತದೆ. ಯುರೋಪಿನ ಆಂಕರ್ ನಿಯಮವಾದ ಆರ್14ರ ಪರೀಕ್ಷೆಯಲ್ಲಿ ಮೂರು ಬಿಂದುಗಳ ಬೆಲ್ಟಿನ ಭುಜದ ಭಾಗವನ್ನೂ ಸೊಂಟದ ಭಾಗವನ್ನೂ ಒಟ್ಟಿಗೇ ತಲಾ 13,500 ನ್ಯೂಟನ್ ಬಲದಲ್ಲಿ, ಅಂದರೆ ಒಂದೂಕಾಲು ಟನ್ನಿಗೂ ಮೀರಿದ ಭಾರದಲ್ಲಿ, ಎಳೆಯುತ್ತಾರೆ. ಮೋಟಾರ್ ರೇಸಿಂಗ್‌ನ ಜಾಗತಿಕ ಸಂಸ್ಥೆ ಎಫ್‌ಐಎ ಹೊಸ ಹಾರ್ನೆಸ್ (ಮೈಯನ್ನು ಹಲವು ಪಟ್ಟಿಗಳಿಂದ ಕಟ್ಟುವ ಬೆಲ್ಟು) ಆಂಕರಿಗೆ ಕೇಳುವುದು ಕನಿಷ್ಠ 3 ಮಿಲಿಮೀಟರ್ ದಪ್ಪದ, 40 ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ಫಲಕ. ಆ ಲೆಕ್ಕವನ್ನು ಕೆಳಮಟ್ಟದ ಗೆರೆ ಎಂದು ಇಟ್ಟುಕೊಳ್ಳಿ. ಫಲಕದ ಮೂಲೆಗಳನ್ನು ದುಂಡಗೆ ಮಾಡಿ, ಇಲ್ಲವಾದರೆ ಅದೇ ತಗಡನ್ನು ಕೊಯ್ಯುತ್ತದೆ. ಫೈಬರ್‌ಗ್ಲಾಸ್ ಬಾಡಿಯ ಕಾರಾದರೆ ಆಂಕರ್ ಉಕ್ಕಿನ ಚಾಸಿಗೇ ಹೋಗಬೇಕು, ಬಾಡಿಗೆ ಅಲ್ಲವೇ ಅಲ್ಲ. ಈ ಬೆಸುಗೆ ಕೆಲಸ ಹಳೆಯ ಕಾರುಗಳ ಬಾಡಿ ರಿಪೇರಿಯಲ್ಲಿ ಪಳಗಿದವರದ್ದು.

ಬೆಲ್ಟು

ಹಳೆಯ ಕಾರುಗಳಲ್ಲಿ ನಾಲ್ಕು ಬಗೆ ಸಿಗುತ್ತವೆ, ಒಂದೊಂದರ ಗುಣವೂ ಬೇರೆ.

ಸೊಂಟಕ್ಕೆ ಮಾತ್ರ ಬರುವ ಲ್ಯಾಪ್ ಬೆಲ್ಟು: ತನ್ನದೇ ಐದು ಪಟ್ಟಿಗಳ ಹಾರ್ನೆಸ್ ಇರುವ ಕೆಲವು ಚೈಲ್ಡ್ ಸೀಟುಗಳನ್ನು ಇದರಿಂದ ಕಟ್ಟಬಹುದು, ಸೀಟಿನ ಪುಸ್ತಕದಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿದ್ದರೆ. ದೊಡ್ಡ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರಿಗೆ ಇದು ಎಂದಿಗೂ ಆಗದು. ಬೂಸ್ಟರಿನಲ್ಲಿ ಮಗುವನ್ನು ಹಿಡಿಯುವುದು ಕಾರಿನ ಬೆಲ್ಟೇ. ಭುಜದ ಪಟ್ಟಿ ಇಲ್ಲದಿದ್ದರೆ ಮಗು ಸೊಂಟದಲ್ಲಿ ಮಡಿಚಿ ತಲೆ ಡ್ಯಾಶ್‌ಬೋರ್ಡಿಗೆ ಹೋಗುತ್ತದೆ.

ಕೈಯಲ್ಲೇ ಉದ್ದ ಹೊಂದಿಸುವ, ರೀಲ್ ಇಲ್ಲದ ಮೂರು ಬಿಂದುಗಳ ಬೆಲ್ಟು: ದೊಡ್ಡವರಿಗೆ ಕಿರಿಕಿರಿ, ಚೈಲ್ಡ್ ಸೀಟಿಗೆ ಬಲು ಅನುಕೂಲ. ಒಮ್ಮೆ ಎಳೆದು ಬಿಗಿದರೆ ಸಡಿಲವಾಗಲು ರೀಲೇ ಇಲ್ಲ. ತೊಂದರೆ ಉದ್ದದ್ದು. ಹಿಮ್ಮುಖ ಸೀಟಿನ (ಮಗು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರುವ ಸೀಟಿನ) ಸುತ್ತ ಬರಲು ಹಲವು ಬೆಲ್ಟುಗಳು ಸಾಲುವುದಿಲ್ಲ. ತುದಿಗೆ ಇನ್ನೊಂದು ತುಂಡು ಹೊಲಿಸುವ, ಕೊಂಡಿ ಹಾಕಿ ಉದ್ದ ಮಾಡುವ ಯೋಚನೆ ಬೇಡ.

ಇನರ್ಷಿಯಾ ರೀಲ್ ಬೆಲ್ಟು: ರೀಲಿನೊಳಗೆ ತಾನೇ ಸುತ್ತಿಕೊಳ್ಳುವ ಬಗೆ, ಝಟ್ಟನೆ ಎಳೆದಾಗ ಕಚ್ಚಬೇಕು. ಇದರಲ್ಲಿ ತುಂಬ ಜನ ಎಡವುವ ಜಾಗ ರೀಲಿನ ಕೋನ. ಒಳಗಿರುವ ಗುಂಡು ಅಥವಾ ಲೋಲಕ ಗುರುತ್ವಾಕರ್ಷಣೆಯನ್ನು ನಂಬಿ ಕೆಲಸ ಮಾಡುತ್ತದೆ; ನೆಟ್ಟಗೆ ಕೂರಬೇಕಾದ ರೀಲನ್ನು ವಾಲಿಸಿ ಬಿಗಿದರೆ ಒಂದೋ ಯಾವಾಗಲೂ ಕಚ್ಚಿಕೊಂಡಿರುತ್ತದೆ, ಇಲ್ಲವೇ ಕಚ್ಚಬೇಕಾದಾಗ ಕಚ್ಚುವುದಿಲ್ಲ. ಇಳಿಜಾರಾದ ಚಕ್ರದ ಕಮಾನಿನ ಮೇಲೆ ರೀಲ್ ಕೂರಿಸಿದ ಕಾರುಗಳಲ್ಲಿ ಇದನ್ನು ಕಡ್ಡಾಯವಾಗಿ ನೋಡಿ. ಎರಡು ಪರೀಕ್ಷೆ ಮಾಡಿ. ನಿಂತ ಕಾರಿನಲ್ಲಿ ಬೆಲ್ಟನ್ನು ಹತ್ತು ಸಲ ಝಾಡಿಸಿ ಎಳೆಯಿರಿ, ಹತ್ತಕ್ಕೆ ಹತ್ತೂ ಸಲ ಕಚ್ಚಬೇಕು. ಆಮೇಲೆ ಖಾಲಿ ಜಾಗದಲ್ಲಿ ನಡಿಗೆಗಿಂತ ತುಸು ಹೆಚ್ಚು ವೇಗದಲ್ಲಿ ಹೋಗಿ ಗಟ್ಟಿಯಾಗಿ ಬ್ರೇಕ್ ಒತ್ತಿ. ಆ ಕ್ಷಣ ಪಕ್ಕದಲ್ಲಿ ಕೂತವರು ಬೆಲ್ಟನ್ನು ಎಳೆದರೆ ಬರಬಾರದು.

ನಾಲ್ಕನೆಯದು ರೇಸಿಂಗ್ ಹಾರ್ನೆಸ್. ಚೈಲ್ಡ್ ಸೀಟುಗಳನ್ನು ಅದರೊಂದಿಗೆ ಪರೀಕ್ಷಿಸಿರುವುದಿಲ್ಲ, ಬೆಲ್ಟಿನ ದಾರಿಗಳೂ ಹೊಂದುವುದಿಲ್ಲ. ಮಗುವನ್ನೇ ನೇರವಾಗಿ ನಾಲ್ಕು ಬಿಂದುಗಳ ಹಾರ್ನೆಸ್‌ನಲ್ಲಿ ಕಟ್ಟಿದರೆ ಭುಜದ ಪಟ್ಟಿಗಳು ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಕ್ಕೆ ಎಳೆಯುತ್ತವೆ, ಮಗು ಕೆಳಗಿನಿಂದ ಜಾರುತ್ತದೆ. ಆ ಸೀಟಿಗೆ ಮೂರು ಬಿಂದುಗಳ ಬೆಲ್ಟನ್ನು ಮತ್ತೆ ಹಾಕಿಸಿ.

ಯಾವ ಬಗೆಯದಾದರೂ ಪಟ್ಟಿಯನ್ನು ಪೂರ್ತಿ ಹೊರಗೆಳೆದು ಬೆರಳಿನ ನಡುವೆ ಹಾಯಿಸಿ. ಅಂಚು ಕುಚ್ಚು ಕುಚ್ಚಾಗಿದ್ದರೆ, ಬಿಸಿಲಿಗೆ ಬಣ್ಣ ಮಾಸಿ ಮುಟ್ಟಿದರೆ ಒರಟಾಗಿದ್ದರೆ, ಹೊಲಿಗೆಯ ದಾರ ಪುಡಿಯಾಗುತ್ತಿದ್ದರೆ ಬದಲಿಸಿ. ಮೇಲಿನ ಹುಡ್ ತೆರೆದೇ ಇರುವ ಕಾರಿನಲ್ಲಿ ಬಿಸಿಲು ಪಟ್ಟಿಯನ್ನು ಬೇಗ ತಿನ್ನುತ್ತದೆ. ಮೂಲದ ಬೆಲ್ಟೇ ಇರಬೇಕೆಂಬ ಹಟ ಪ್ರದರ್ಶನದ ಕಾರಿಗೆ ಇರಲಿ. ಮಗು ಕೂರುವ ಕಡೆ ಹೊಸ, ಮಾನ್ಯತೆಯ ಗುರುತಿರುವ ಬೆಲ್ಟೇ ಸರಿ.

ಕಾರಿನ ಸೀಟೂ ನಡುವೆ ಒಂದಿದೆ

ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಸೀಟಿನ ಸ್ಪಂಜನ್ನು ಹೊತ್ತಿರುವುದು ಹೆಚ್ಚಾಗಿ ರಬ್ಬರ್ ಪಟ್ಟಿಗಳು ಇಲ್ಲವೇ ರಬ್ಬರಿನ ಹಾಳೆ. ಮೂವತ್ತು ವರ್ಷದಲ್ಲಿ ಅವು ಜೋತುಬೀಳುತ್ತವೆ, ಕೊಕ್ಕೆಗಳ ಬಳಿ ಹರಿಯುತ್ತವೆ. ದೊಡ್ಡವರು ಕೂತರೆ ಸೀಟು ಸ್ವಲ್ಪ ತಗ್ಗಾಯಿತು ಅನಿಸುತ್ತದೆ ಅಷ್ಟೇ. ಚೈಲ್ಡ್ ಸೀಟು ಕಟ್ಟಿದರೆ ಬೇರೆ ಕಥೆ: ಇವತ್ತು ಮಂಡಿಯಿಂದ ಒತ್ತಿ ಬಿಗಿದ ಬೆಲ್ಟು, ಹಾಳಾದ ರಬ್ಬರ್ ಇನ್ನೊಂದಿಷ್ಟು ಕುಸಿದ ಕೂಡಲೇ, ಅರ್ಧ ಗಂಟೆಯ ದಾರಿಯಲ್ಲೇ ಸಡಿಲವಾಗುತ್ತದೆ. ಸೀಟನ್ನು ಮಗುಚಿ ನೋಡಿ, ರಬ್ಬರ್ ಬದಲಿಸಿ. ಇದು ಅಗ್ಗದ ಕೆಲಸ, ಆದರೂ ಮಾಡುವವರು ಕಡಿಮೆ.

ಸೀಟಿನ ರೇಲುಗಳು ಎರಡೂ ಬದಿ ಕಚ್ಚುತ್ತವೆಯೇ ನೋಡಿ. ಒಂದೇ ಬದಿ ಕಚ್ಚಿದರೆ ಸೀಟು ಓರೆಯಾಗಿ ಅಲುಗುತ್ತದೆ. ಬೆನ್ನು ಮುಂದಕ್ಕೆ ಮಡಚುವ ಸೀಟಿಗೆ ಕೊಕ್ಕೆ ಇದೆಯೇ ನೋಡಿ. ಅಮೆರಿಕದ 1968ರ ನಿಯಮಕ್ಕಿಂತ ಹಿಂದಿನ ಬಹಳಷ್ಟು ಕಾರುಗಳಲ್ಲಿ ಅದು ಇಲ್ಲ. ಡಿಕ್ಕಿಯಲ್ಲಿ ಆ ಬೆನ್ನು ತನ್ನ ತೂಕವನ್ನೆಲ್ಲ ಮಗುವಿನ ಸೀಟಿನ ಮೇಲೆ ಹೇರುತ್ತದೆ. ಕೊಕ್ಕೆ ಇರುವ ನಂತರದ ವರ್ಷದ ಸೀಟು ಅದೇ ಮಾದರಿಗೆ ಹೊಂದುವುದಾದರೆ ಅದನ್ನು ಹಾಕಿಕೊಳ್ಳಿ.

ಬಾಗಿಲ ಚಿಲಕವನ್ನೂ ಇದೇ ಹೊತ್ತಿಗೆ ನೋಡಿ. ಹಳೆಯ ಚಿಲಕಗಳು ಬಾಡಿ ತಿರುಚಿದಾಗ ತೆರೆದುಕೊಳ್ಳುವ ಜಾತಿಯವು, ಮಕ್ಕಳ ಲಾಕೂ ಇರುವುದಿಲ್ಲ. ಬಾಗಿಲು ಎರಡನೆಯ ಹಲ್ಲಿಗೂ ಕಚ್ಚಬೇಕು. ಹಿಡಿದು ಅಲುಗಾಡಿಸಿದರೆ ಗಡಗಡ ಅನ್ನಬಾರದು.

ಟೇಪ್ ಹಿಡಿದು ಅಳೆಯಿರಿ

ಒಂದು: ಕಾರಿನ ಸೀಟಿನ ಕೂರುವ ಭಾಗ ಮತ್ತು ಬೆನ್ನು ಸೇರುವ ಸಂದಿಯಿಂದ ಡ್ಯಾಶ್‌ಬೋರ್ಡಿನ ಅತಿ ಹತ್ತಿರದ ಗಟ್ಟಿ ಭಾಗಕ್ಕೆ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದಾಗ ಎಷ್ಟು ದೂರ? ಯುರೋಪಿನ ಹಳೆಯ ಚೈಲ್ಡ್ ಸೀಟು ನಿಯಮವಾದ ಆರ್44ರ ಪರೀಕ್ಷೆಯಲ್ಲಿ ಮುಮ್ಮುಖ ಸೀಟಿನ ಮಗುವಿನ ತಲೆ ಆ ಸಂದಿಯಿಂದ 550 ಮಿಲಿಮೀಟರ್‌ವರೆಗೆ ಮುಂದೆ ಬರಬಹುದಿತ್ತು. ಇದು ಒಳ್ಳೆಯ ಬೆಂಚಿನ ಮೇಲಿನ ಲೆಕ್ಕ. ಹಳೆಯ ಸ್ಪಂಜು, ಉದ್ದ ಬೆಲ್ಟು, ಬಾಗುವ ನೆಲ ಎಲ್ಲ ಸೇರಿದರೆ ಇನ್ನೂ ಬೇಕು. 70 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಅದರಲ್ಲೂ ಎದುರಿಗೆ ಲೋಹದ ಟಾಗಲ್ ಸ್ವಿಚ್ಚುಗಳು, ಹಿಡಿಕೆ, ಗಾಜಿನ ಮೀಟರ್‌ಗಳಿದ್ದರೆ, ಮುಮ್ಮುಖ ಸೀಟು ಆ ಕಾರಿಗೆ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಈ 70 ಯಾವ ನಿಯಮದಲ್ಲೂ ಬರೆದದ್ದಲ್ಲ. ಪರೀಕ್ಷೆಯ ಮಿತಿಯ ಮೇಲೆ ಒಂದು ಗೇಣಿಗೂ ಕಡಿಮೆ ಬಿಡುವು.

ಎರಡು: ಕಾರಿನ ಸೀಟಿನ ದಿಂಬುಗಳ ನಡುವಿನ ಅಗಲ, ತಳದಲ್ಲಿ. ಚೈಲ್ಡ್ ಸೀಟಿನ ತಳ ಇದಕ್ಕಿಂತ ಅಗಲವಾಗಿದ್ದರೆ ಅದು ಬದಿಯ ದಿಂಬುಗಳ ಮೇಲೆ ತೇಲುತ್ತದೆ. ನಡುವೆ ಬೆರಳು ತೂರಿಸಿದರೆ ಖಾಲಿ ಜಾಗ ಸಿಗುತ್ತದೆ. ಹಾಗೆ ತೇಲುವ ಸೀಟು ಎಷ್ಟು ಬಿಗಿದರೂ ಪಕ್ಕಕ್ಕೆ ಹೊರಳುತ್ತದೆ.

ಮೂರು: ಟನಲ್ ಬದಿಯ ಬಕಲ್ ಎಲ್ಲಿ ಬರುತ್ತದೆ? ಬಕಲ್ ಚೈಲ್ಡ್ ಸೀಟಿನ ಅಂಚಿನ ಮೇಲೆ ಅಥವಾ ಬೆಲ್ಟಿನ ದಾರಿಯೊಳಗೆ ಬಂದು ಕೂತರೆ ಪ್ಲಾಸ್ಟಿಕ್ ಅಂಚು ಅದನ್ನು ಸನ್ನೆಗೋಲಿನಂತೆ ಮುರಿಯಬಹುದು, ಇಲ್ಲವೇ ಒತ್ತಡದಲ್ಲಿ ತೆರೆಯಬಹುದು. ಬಟ್ಟೆಯ ಪಟ್ಟಿಯ ಮೇಲೆ ನಿಂತ ಬಕಲ್ ಆದರೆ, ಸೀಟಿನ ತಯಾರಕರು ಒಪ್ಪಿದ್ದಲ್ಲಿ, ಅದನ್ನು ಗರಿಷ್ಠ ಮೂರು ಸುತ್ತು ತಿರುಚಿ ಗಿಡ್ಡ ಮಾಡಬಹುದು. ಗಡುಸು ಕಾಂಡದ ಬಕಲ್ ಆದರೆ ಬೇರೆ ಚೈಲ್ಡ್ ಸೀಟು ಹುಡುಕಿ.

ನಾಲ್ಕು: ಚಾಲಕರು ಕೂತು ಎಲ್ಲ ಗೇರ್‌ಗಳನ್ನೂ ಹಾಕಿ ನೋಡಲಿ, ಹ್ಯಾಂಡ್‌ಬ್ರೇಕ್ ಎಳೆಯಲಿ. ಇಕ್ಕಟ್ಟಿನ ಕಾಕ್‌ಪಿಟ್‌ನಲ್ಲಿ ಮಗುವಿನ ಸೀಟಿನ ಅಂಚು ಮೊಣಕೈಗೆ ತಾಗುವುದು ಸಾಮಾನ್ಯ. ತುರ್ತಿನಲ್ಲಿ ಹ್ಯಾಂಡ್‌ಬ್ರೇಕ್ ಪೂರ್ತಿ ಬರದಿದ್ದರೆ ಅದು ಸಣ್ಣ ವಿಷಯವಲ್ಲ.

ಯಾವ ಚೈಲ್ಡ್ ಸೀಟು

ಐಸೋಫಿಕ್ಸ್, ಅಂದರೆ ಬೆಲ್ಟಿಲ್ಲದೆ ಮಗುವಿನ ಸೀಟನ್ನು ನೇರವಾಗಿ ಸಿಕ್ಕಿಸುವ ಕೊಂಡಿ, ನಿಮ್ಮ ಕಾರಿನಲ್ಲಿ ಇಲ್ಲ. 280 ಮಿಲಿಮೀಟರ್ ಅಂತರದಲ್ಲಿ ಎರಡು 6 ಮಿಲಿಮೀಟರ್ ಸರಳುಗಳನ್ನು ಸೀಟಿನ ಚೌಕಟ್ಟಿಗೆ ಬೆಸುಗೆ ಹಾಕಿಬಿಟ್ಟರೆ ಆಯಿತು ಎನ್ನುವವರ ಮಾತು ಕೇಳಬೇಡಿ. ಆ ಚೌಕಟ್ಟನ್ನು ಹಿಡಿದಿರುವುದು ಜಾರುವ ರೇಲು ಅಷ್ಟೇ. ಹಾಗಾಗಿ ಐಸೋಫಿಕ್ಸ್‌ನಿಂದ ಮಾತ್ರ ಕೂರುವ ಸೀಟುಗಳನ್ನು ಪಟ್ಟಿಯಿಂದ ತೆಗೆಯಿರಿ. ಬೇಕಾದದ್ದು ಕಾರಿನ ಬೆಲ್ಟಿನಿಂದ ಕಟ್ಟಬಹುದಾದದ್ದು.

ಶಿಶುಗಳಿಗೂ ಪುಟ್ಟ ಮಕ್ಕಳಿಗೂ ಹಿಮ್ಮುಖ ಸೀಟೇ. ಎಳೆಯ ಮಗುವಿನ ತಲೆ ದೇಹದ ಉದ್ದದ ಕಾಲು ಭಾಗದಷ್ಟು. ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹಿಮ್ಮುಖವಾಗಿ ಕೂತಾಗ ಬಲವೆಲ್ಲ ಬೆನ್ನು, ತಲೆ, ಕುತ್ತಿಗೆಗೆ ಒಟ್ಟಿಗೆ ಹಂಚಿಹೋಗುತ್ತದೆ. ಯುರೋಪಿನ ಹೊಸ ಚೈಲ್ಡ್ ಸೀಟು ನಿಯಮ ಆರ್129, 15 ತಿಂಗಳವರೆಗೆ ಹಿಮ್ಮುಖವನ್ನು ಕಡ್ಡಾಯ ಮಾಡಿದೆ; ಅದು ಕನಿಷ್ಠ ಮಿತಿ, ಸೀಟಿನ ತೂಕ–ಎತ್ತರದ ಮಿತಿ ಮುಟ್ಟುವವರೆಗೂ ಹಾಗೇ ಇರಲಿ. ಏರ್‌ಬ್ಯಾಗ್ ಇಲ್ಲದಿರುವುದು ಇಲ್ಲಿ ಹಳೆಯ ಕಾರಿನ ಅಪರೂಪದ ಅನುಕೂಲ. ಆದರೆ 1980ರ ದಶಕದ ಕೊನೆಯ ಕಾರಾದರೆ ಖಚಿತ ಮಾಡಿಕೊಳ್ಳಿ: 1987ರ ಪೋರ್ಷೆ 944 ಟರ್ಬೋದಲ್ಲಿ ಅಮೆರಿಕದ ಮಾರುಕಟ್ಟೆಗೆ ಪ್ರಯಾಣಿಕರ ಬದಿಯ ಏರ್‌ಬ್ಯಾಗ್ ಇತ್ತು. ಏರ್‌ಬ್ಯಾಗ್ ಚಾಲೂ ಇರುವ ಸೀಟಿನಲ್ಲಿ ಹಿಮ್ಮುಖ ಸೀಟು ಇಡಲೇಬಾರದು. ಫ್ಯೂಸ್ ಕಿತ್ತರೆ ಸಾಕು ಎಂದುಕೊಳ್ಳಬೇಡಿ, ಒಳಗಿನ ಕೆಪ್ಯಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ.

ನೆಲಕ್ಕೆ ಊರುವ ಕಾಲಿರುವ ಸೀಟುಗಳನ್ನು ಆದಷ್ಟು ಬಿಟ್ಟುಬಿಡಿ. ಹಳೆಯ ಕಾರುಗಳಲ್ಲಿ ಕಾಲಿಡುವ ಜಾಗ ಇಳಿಜಾರು, ಕೆಲವುದರಲ್ಲಿ ಕಾರ್ಪೆಟ್ಟಿನ ಕೆಳಗಿರುವುದು ಮರದ ಹಲಗೆ. ಆ ಕಾಲು ಹಲಗೆಯನ್ನು ಒಡೆದುಕೊಂಡು ಇಳಿಯುತ್ತದೆ.

ದೊಡ್ಡ ಮಕ್ಕಳ ಬೂಸ್ಟರಿಗೆ ಬೆನ್ನು ಇರಲೇಬೇಕು. ತಗ್ಗು ಬೆನ್ನಿನ ರೋಡ್‌ಸ್ಟರ್ ಸೀಟಿನಲ್ಲಿ ಹೆಡ್‌ರೆಸ್ಟ್ ಇರುವುದಿಲ್ಲ. ಬೂಸ್ಟರ್ ಮಗುವನ್ನು ಇನ್ನಷ್ಟು ಎತ್ತರಿಸಿದ ಮೇಲೆ ಹಿಂದಿನಿಂದ ಡಿಕ್ಕಿಯಾದರೆ ತಲೆಗೆ ಆಸರೆ ಎಲ್ಲಿ? ಎತ್ತರದ ಬೆನ್ನಿನ ಬೂಸ್ಟರಿಗೂ ಹಿಂದೆ ಒರಗಲು ಕಾರಿನ ಸೀಟು ಬೇಕು ಎನ್ನುತ್ತವೆ ಹಲವು ಪುಸ್ತಕಗಳು, ಅದನ್ನು ಓದಿ.

ಸೆಕೆಂಡ್ ಹ್ಯಾಂಡ್ ಚೈಲ್ಡ್ ಸೀಟು ಬೇಡ. ಕಾರಿನ ಜೊತೆ ಬಂತೆಂದು ಅದೇ ಕಾಲದ ಹಳೆಯ ಮಗುವಿನ ಸೀಟನ್ನು ಬಳಸುವುದಂತೂ ಬೇಡವೇ ಬೇಡ, ಅದು ಷೋಕೇಸಿನಲ್ಲಿರಲಿ.

ಕಟ್ಟುವ ಕ್ರಮ

1. ಕಾರಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಅಲುಗಾಡಿಸಿ, ಎರಡೂ ರೇಲು ಕಚ್ಚಿದ್ದನ್ನು ಕೇಳಿಸಿಕೊಳ್ಳಿ.

2. ಚೈಲ್ಡ್ ಸೀಟನ್ನು ಇಟ್ಟು, ಬೆಲ್ಟನ್ನು ಅದರ ಮೇಲೆ ಬಣ್ಣದಲ್ಲಿ ಗುರುತಿಸಿದ ದಾರಿಯಲ್ಲೇ ಹಾಯಿಸಿ. ಸಾಮಾನ್ಯವಾಗಿ ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಪಟ್ಟಿ ಎಲ್ಲೂ ಸುರುಳಿ ಸುತ್ತಿರಬಾರದು.

3. ಬಕಲ್ ಹಾಕಿ, ಒಂದು ಮಂಡಿಯನ್ನು ಸೀಟಿನ ತಳದ ಮೇಲಿಟ್ಟು ಮೈಭಾರ ಬಿಡಿ. ಮೊದಲು ಸೊಂಟದ ಪಟ್ಟಿ, ಆಮೇಲೆ ಭುಜದ ಪಟ್ಟಿ ಎಳೆಯಿರಿ. ಹಿಮ್ಮುಖ ಸೀಟಿನ ಮೇಲೆ ಮಂಡಿಯೂರಲು ಜಾಗವಿರದಿದ್ದರೆ ಅಂಗೈಯಿಂದ ಒತ್ತಿ.

4. ಇನರ್ಷಿಯಾ ರೀಲ್ ಆಗಿದ್ದು ಚೈಲ್ಡ್ ಸೀಟಿನಲ್ಲೇ ಬೆಲ್ಟ್ ಕಚ್ಚುವ ಕ್ಲಾಂಪ್ ಇದ್ದರೆ ಅದನ್ನು ಮುಚ್ಚಿ. ಇಲ್ಲದಿದ್ದರೆ ತಯಾರಕರು ಹೇಳಿದ ಎಚ್ ಆಕಾರದ ಲೋಹದ ಕ್ಲಿಪ್ಪನ್ನು, ಬಕಲ್ಲಿನೊಳಗೆ ಹೋಗುವ ನಾಲಗೆಯಿಂದ ಸುಮಾರು 2.5 ಸೆಂಟಿಮೀಟರ್ ದೂರದಲ್ಲಿ ಎರಡೂ ಪಟ್ಟಿಗಳನ್ನು ಸೇರಿಸಿ ಹಾಕಿ.

5. ಬೆಲ್ಟು ಹಾಯುವ ಜಾಗದಲ್ಲೇ ಹಿಡಿದು ಪಕ್ಕಕ್ಕೂ ಮುಂದಕ್ಕೂ ಅಲುಗಾಡಿಸಿ. 2.5 ಸೆಂಟಿಮೀಟರ್ ಮೀರಿ ಅಲುಗಿದರೆ ಬಿಚ್ಚಿ ಮತ್ತೆ ಮೊದಲಿನಿಂದ. ಹಿಮ್ಮುಖ ಸೀಟಿನ ತಲೆಯ ಭಾಗ ಸ್ವಲ್ಪ ಅಲುಗುವುದು ಸಹಜ, ಅಲ್ಲಿ ಅಳೆಯಬೇಡಿ.

6. ಹಿಮ್ಮುಖ ಸೀಟಿನ ವಾಲನ್ನು ಅದರ ಮೇಲಿನ ಗೆರೆ ಅಥವಾ ಗುಳ್ಳೆ ನೋಡಿ ಹೊಂದಿಸಿ. ಹಳೆಯ ಸ್ಪೋರ್ಟ್ಸ್ ಸೀಟುಗಳ ಕೂರುವ ಭಾಗ ಹಿಂದಕ್ಕೆ ಕಡಿದಾಗಿ ಇಳಿದಿರುವುದರಿಂದ ಚೈಲ್ಡ್ ಸೀಟು ನಿರೀಕ್ಷೆಗಿಂತ ನೆಟ್ಟಗಾಗುವುದೇ ಹೆಚ್ಚು. ಆಗ ಮಗುವಿನ ಗದ್ದ ಎದೆಗೆ ಬಿದ್ದು ಉಸಿರಿನ ದಾರಿ ಕಟ್ಟುತ್ತದೆ. ತಯಾರಕರು ಒಪ್ಪಿದ್ದರೆ ಮಾತ್ರ ಕೆಳಗೆ ಬಿಗಿಯಾಗಿ ಸುತ್ತಿದ ಟವೆಲ್ ಇಟ್ಟು ಸರಿಪಡಿಸಿ. 45 ಡಿಗ್ರಿಗಿಂತ ಹೆಚ್ಚು ಮಲಗಿಸಬೇಡಿ.

ಟಾಪ್ ಟೆದರ್: ಕೊರೆಯುವ ಮೊದಲು

ಮುಮ್ಮುಖ ಸೀಟಿನ ತಲೆಯ ಮೇಲಿನಿಂದ ಹಿಂದಕ್ಕೆ ಹೋಗುವ ಪಟ್ಟಿ ಇದು. ಅಮೆರಿಕದ ಚೈಲ್ಡ್ ಸೀಟು ನಿಯಮ ಎಫ್‌ಎಂವಿಎಸ್‌ಎಸ್ 213 ಟೆದರ್ ಇಲ್ಲದೆ ತಲೆ 813 ಮಿಲಿಮೀಟರ್ ಮುಂದೆ ಬರಲು ಬಿಡುತ್ತದೆ, ಟೆದರ್ ಇದ್ದರೆ 720ಕ್ಕೇ ನಿಲ್ಲಿಸಬೇಕು ಎನ್ನುತ್ತದೆ. ಅಳೆಯುವ ಬಿಂದು ಆರ್44ರದ್ದಲ್ಲವಾದ್ದರಿಂದ ಎರಡರ ಅಂಕಿಗಳನ್ನು ಹೋಲಿಸಬೇಡಿ. ನೋಡಬೇಕಾದದ್ದು ಆ 9 ಸೆಂಟಿಮೀಟರ್ ವ್ಯತ್ಯಾಸ. ಡ್ಯಾಶ್‌ಬೋರ್ಡ್ ಮೂಗಿನ ಮುಂದೇ ಇರುವ ಕಾರಿನಲ್ಲಿ 9 ಸೆಂಟಿಮೀಟರ್ ದೊಡ್ಡದು.

ಆದರೆ ಎರಡು ಸೀಟಿನ ಕಾರಿನಲ್ಲಿ ಸೀಟಿನ ಹಿಂದಿನ ಗೋಡೆಯ ಆಚೆ ಏನಿದೆ ಗೊತ್ತೇ? ಟ್ರಯಂಫ್ ಟಿಆರ್6ರಲ್ಲಿ, ಸ್ಪಿಟ್‌ಫೈರ್‌ನಲ್ಲಿ, ಪೆಟ್ರೋಲ್ ಟ್ಯಾಂಕು. ಎಂಜಿಬಿಯಲ್ಲಿ ಸೀಟಿನ ಹಿಂದಿನ ಷೆಲ್ಫಿನ ಕೆಳಗೆ ಬ್ಯಾಟರಿ. ಅಲ್ಲಿ ಡ್ರಿಲ್ ಹಿಡಿದರೆ ಚೈಲ್ಡ್ ಸೀಟಿನ ಚಿಂತೆಯೇ ಉಳಿಯುವುದಿಲ್ಲ. ಟೆದರ್ ಆಂಕರ್ ಬೇಕೆಂದರೆ ಟ್ರಿಮ್ ಕಳಚಿ, ಹಿಂದಿನಿಂದಲೂ ನೋಡಿ, ಬಲಪಡಿಸಿದ ಅಡ್ಡತೊಲೆಗೆ ಫಲಕ ಸಮೇತ ಹಾಕಿಸಿ. ರೋಲ್ ಬಾರಿಗೆ ಟೆದರ್ ಸುತ್ತಿ ಕೊಕ್ಕೆ ಹಾಕುವುದನ್ನು ಚೈಲ್ಡ್ ಸೀಟಿನ ತಯಾರಕರು ಒಪ್ಪದ ಹೊರತು ಮಾಡಬೇಡಿ. ಕೊಳವೆಯ ಮೇಲೆ ಪಟ್ಟಿ ಪಕ್ಕಕ್ಕೆ ಜಾರಿ ಸಡಿಲವಾಗುತ್ತದೆ. ರೋಲ್ ಬಾರ್ ಮಗುವಿನ ತಲೆಗೆ ತಾಗುವಷ್ಟು ಹತ್ತಿರವಿದ್ದರೆ ಮೆತ್ತಗಿನ ಪೈಪ್ ಫೋಮ್ ಸಾಲದು, ರೇಸಿಂಗ್ ಕಾರುಗಳಿಗೆ ಬಳಸುವ ಗಡುಸು ಫೋಮ್ ಹಾಕಿ. ರೋಲ್ ಬಾರೇ ಇಲ್ಲದ ತೆರೆದ ಕಾರಿನಲ್ಲಿ, ಮಗುಚಿದರೆ ಮಗುವಿನ ತಲೆಗೆ ರಕ್ಷಣೆ ಏನೂ ಇಲ್ಲ. ವಿಂಡ್‌ಸ್ಕ್ರೀನ್ ಚೌಕಟ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಿಂದೆ ಪುಟ್ಟ ಸೀಟುಗಳಿರುವ 2+2 ಕಾರಾದರೆ ಮಗುವಿಗೆ ಹಿಂದಿನ ಸೀಟೇ ಮೊದಲ ಆಯ್ಕೆ, ಅಲ್ಲಿ ಆಂಕರ್ ಇದ್ದರೆ. ಮಡಚಿ ಸಾಮಾನು ಇಡಲೆಂದೇ ಮಾಡಿದ ತೆಳು ಬೆನ್ನಿನ ಸೀಟುಗಳೂ ಇವೆ. ಬೆಲ್ಟಿನ ತೂತುಗಳು ಕಾರ್ಖಾನೆಯಿಂದಲೇ ಬಂದಿವೆಯೇ ಎಂದು ಕಾರ್ಪೆಟ್ಟಿನಡಿ ಹುಡುಕಿ. ರಬ್ಬರ್ ಮುಚ್ಚಳದ ಕೆಳಗೆ ಎಳೆ ಹಾಕಿದ ನಟ್ ಅಡಗಿರುವುದುಂಟು.

ಮಗುವನ್ನು ಕಟ್ಟುವುದು

ಹಾರ್ನೆಸ್‌ನ ಭುಜದ ಪಟ್ಟಿ ಹಿಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ತುಸು ಕೆಳಗೆ, ಮುಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ತುಸು ಮೇಲೆ. ಬಿಗಿದ ಮೇಲೆ ಕೊರಳೆಲುಬಿನ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ. ತೆರೆದ ಕಾರೆಂದು ದಪ್ಪ ಜಾಕೆಟ್ ತೊಡಿಸಿ ಕಟ್ಟುವುದೇ ಇಲ್ಲಿ ಅತಿ ಸಾಮಾನ್ಯ ತಪ್ಪು. ಡಿಕ್ಕಿಯಲ್ಲಿ ಜಾಕೆಟ್ಟಿನ ಹತ್ತಿ ಚಪ್ಪಟೆಯಾಗಿ ಅಷ್ಟೇ ಸಡಿಲು ಹುಟ್ಟುತ್ತದೆ. ತೆಳು ಉಡುಪಿನ ಮೇಲೆ ಹಾರ್ನೆಸ್ ಕಟ್ಟಿ, ಹೊದಿಕೆಯನ್ನು ಅದರ ಮೇಲೆ ಹೊದಿಸಿ ಅಂಚನ್ನು ಕಾಲ ಕೆಳಗೆ ಸಿಕ್ಕಿಸಿ, ಗಾಳಿಗೆ ಮುಖಕ್ಕೆ ಹಾರದಂತೆ. ಬಿಸಿಲಲ್ಲಿ ನಿಂತಿದ್ದ ಕಾರಾದರೆ ಹಾರ್ನೆಸ್ಸಿನ ಲೋಹವನ್ನು ಮೊದಲು ನಿಮ್ಮ ಮುಂಗೈಗೆ ಮುಟ್ಟಿಸಿ ನೋಡಿ.

ಸದ್ದಿಗೆ ಇಯರ್ ಮಫ್ ಹಾಕುವುದಾದರೆ ತೆಳುವಾದದ್ದು ಇರಲಿ. ತಲೆಯ ಹಿಂದೆ ದಪ್ಪ ಪಟ್ಟಿ ಬಂದರೆ ತಲೆ ಮುಂದಕ್ಕೆ ತಳ್ಳಿದಂತಾಗುತ್ತದೆ. ಮಕ್ಕಳಿಗೆ ಹೆಲ್ಮೆಟ್ ಬೇಡ, ಆ ತೂಕವನ್ನು ಎಳೆಯ ಕುತ್ತಿಗೆ ಹೊರಲಾರದು.

ಹೊಗೆಯ ಬಗ್ಗೆ ಉದಾಸೀನ ಬೇಡ. ಹಿಂದಿನ ಕಿಟಕಿ ಅಥವಾ ಹುಡ್ ಅರೆ ತೆರೆದಾಗ ಕಾರಿನ ಹಿಂದಿನ ಕಡಿಮೆ ಒತ್ತಡದ ಗಾಳಿ ಎಕ್ಸಾಸ್ಟನ್ನು ಒಳಗೆ ಎಳೆದುಕೊಳ್ಳುತ್ತದೆ. ಎಕ್ಸಾಸ್ಟ್ ಜೋಡಣೆ, ಬೂಟಿನ (ಹಿಂದಿನ ಸಾಮಾನಿನ ಜಾಗದ) ರಬ್ಬರ್, ನೆಲದ ತೂತುಗಳ ರಬ್ಬರ್ ಮುಚ್ಚಳ ಇವೆಲ್ಲ ಸೋರದಂತೆ ಮಾಡಿ, ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಒಳಗಿಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮಗುವನ್ನು ಕೂರಿಸುವುದೇ ಬೇಡ.

ಎರಡು ಸೀಟಿನ ಕಾರಿನಲ್ಲಿ ಮಗುವಿನ ಕಡೆ ನೋಡಲು ಚಾಲಕರ ಹೊರತು ಯಾರೂ ಇಲ್ಲ. ಹಿಮ್ಮುಖ ಸೀಟಿನಲ್ಲಿರುವ ಶಿಶುವಿನ ಮುಖ ಕಾಣದಿದ್ದರೆ, ಆಗಾಗ ನಿಲ್ಲಿಸಿ ನೋಡುವುದೇ ದಾರಿ. ದೊಡ್ಡ ಮಗುವಾದರೂ ಎರಡು ಗಂಟೆಗೊಮ್ಮೆ ಹೊರಗೆ ತೆಗೆಯಿರಿ, ನವಜಾತ ಶಿಶುವಾದರೆ ಅರ್ಧ ಗಂಟೆಗೇ. ಪ್ರತಿ ನಿಲುಗಡೆಯಲ್ಲೂ ಬೆಲ್ಟು ಹಾಯುವ ಜಾಗ ಹಿಡಿದು ಒಮ್ಮೆ ಅಲುಗಾಡಿಸಿ. ಎಲೆ ಸ್ಪ್ರಿಂಗಿನ ಕುಲುಕಾಟಕ್ಕೆ ಹೊಸ ಕಾರಿನಲ್ಲಿ ಸಡಿಲವಾಗದ್ದು ಇಲ್ಲಿ ಆಗುತ್ತದೆ. ಟೂಲ್ ಕಿಟ್, ಜ್ಯಾಕ್, ಆಯಿಲ್ ಡಬ್ಬಿ ಸೀಟಿನ ಹಿಂದೆ ಸಡಿಲವಾಗಿರಬಾರದು, ಬೂಟಿಗೆ ಕಳಿಸಿ ಕಟ್ಟಿ.

ಮನೆಗೆ ಬಂದ ಮೇಲೆ

ಚೈಲ್ಡ್ ಸೀಟನ್ನು ಕಾರಿನಲ್ಲೇ ಬಿಟ್ಟು ಗ್ಯಾರೇಜಿನಲ್ಲಿ ಕಾರಿಗೆ ಹೊದಿಕೆ ಹಾಕಬೇಡಿ. ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ತೇವಕ್ಕೆ ಬಟ್ಟೆ ಬೂಷ್ಟು ಹಿಡಿಯುತ್ತದೆ, ಇಲಿಗಳು ಹಾರ್ನೆಸ್ಸಿನ ಪಟ್ಟಿಯನ್ನೇ ಕಡಿಯುತ್ತವೆ; ಕಡಿದ ಗುರುತು ಬಹುಪಾಲು ಚಿಪ್ಪಿನ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ. ಬಿಚ್ಚಿ ಮನೆಯೊಳಗೆ ಇಡಿ. ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಸಾಕು, ವಾಷಿಂಗ್ ಮೆಷಿನ್ನಿಗೂ ಬ್ಲೀಚಿಗೂ ಹಾಕಬೇಡಿ. ಚಿಪ್ಪಿನ ಹಿಂದಿನ ಚೀಟಿಯಲ್ಲಿರುವ ತಯಾರಿಕೆಯ ದಿನಾಂಕ ಮತ್ತು ತಯಾರಕರು ಕೊಟ್ಟ ಅವಧಿಯನ್ನು ಬರೆದಿಡಿ. ಮುಂದಿನ ಸಲ ಕಾರು ಹೊರಬರುವಾಗ ಮೊದಲು ರೀಲಿಗೆ ಹತ್ತು ಝಾಡು, ಸೀಟಿನ ರೇಲಿಗೆ ಒಂದು ಎಳೆತ, ಬಾಗಿಲ ಬದಿಯ ಬೋಲ್ಟಿನ ಸುತ್ತ ಒಮ್ಮೆ ಟಾರ್ಚ್. ಆಮೇಲೆ ಚೈಲ್ಡ್ ಸೀಟನ್ನು ಒಳಗೆ ತನ್ನಿ.